ಗಾಲಿ ಮನೆಗಳ ಬಿಸಿನೀರು: ಒಂದು ರಿಪೇರಿ ಅಂಗಳದೊಳಗೆ

ಗೇಟು ದಾಟಿದ ಕೂಡಲೇ ಕಣ್ಣಿಗೆ ಬೀಳುವುದು ವಾಹನಗಳ ಸಾಲು. ಕೆಲವು ಬಸ್ಸಿನಷ್ಟು ಉದ್ದ, ಕೆಲವು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವಂಥವು. ಒಳಗೆ ಮಂಚ, ಅಡುಗೆ ಕಟ್ಟೆ, ಫ್ರಿಜ್, ಬಚ್ಚಲು ಎಲ್ಲವೂ ಇರುವ ಇವನ್ನು ಅಮೆರಿಕದಲ್ಲಿ ಆರ್‌ವಿ ಎನ್ನುತ್ತಾರೆ. ಉತ್ತರದ ರಾಜ್ಯಗಳಲ್ಲೂ ಕೆನಡಾದಲ್ಲೂ ಹಿಮ ಬೀಳಲು ಶುರುವಾದರೆ ಸಾವಿರಾರು ನಿವೃತ್ತರು ಈ ಗಾಲಿ ಮನೆಗಳೊಂದಿಗೆ ಅರಿಜೋನಾದ ಮರುಭೂಮಿಗೆ ಇಳಿದು ಬರುತ್ತಾರೆ. ಹಗಲು ಹಿತವಾದ ಬಿಸಿಲು, ರಾತ್ರಿ ಮೈ ಕೊರೆಯುವ ಚಳಿ. ಅಂಥ ಊರಿನಲ್ಲಿ ಬಿಸಿನೀರು ನಿಂತರೆ ರಿಪೇರಿ ಅಂಗಳಕ್ಕೆ ಬರಲೇಬೇಕು.

ನಾನು ಹೋಗಿದ್ದು ಅಂಥದೊಂದು ಅಂಗಳಕ್ಕೆ. ಡಾಂಬರಿಲ್ಲ, ಜಲ್ಲಿ ಹಾಸಿದ ನೆಲ. ಒಂದು ಬದಿಗೆ ತಗಡಿನ ಚಪ್ಪರ, ಅದರಡಿ ಮೂರು ನಾಲ್ಕು ವಾಹನ ನಿಲ್ಲುವಷ್ಟು ಜಾಗ. ಇನ್ನೊಂದು ಬದಿಗೆ ಬಿಡಿಭಾಗಗಳ ಸಣ್ಣ ಅಂಗಡಿ. ಸಾಲಿನ ಪಕ್ಕದಲ್ಲಿ ನಡೆಯುತ್ತ ಹೋದಂತೆ ಒಂದು ಸಂಗತಿ ಗಮನಕ್ಕೆ ಬಂತು. ಹೊಸದಿರಲಿ ಹಳೆಯದಿರಲಿ, ಹೆಚ್ಚುಕಡಿಮೆ ಪ್ರತಿಯೊಂದು ವಾಹನದ ಪಕ್ಕೆಯಲ್ಲೂ ಒಂದಡಿಗಿಂತ ಸ್ವಲ್ಪ ದೊಡ್ಡದಾದ ಚೌಕಾಕಾರದ ಬಿಳಿ ತಗಡಿನ ಬಾಗಿಲು, ಅದರಲ್ಲಿ ಜಾಲರಿ ಕಿಂಡಿ. ಕೆಲವು ಕಿಂಡಿಗಳ ಮೇಲೆ ಕಪ್ಪು ಮಸಿ ಹಿಡಿದಿತ್ತು. ನೀರು ಕಾಯಿಸುವ ಗೀಸರ್ ಇರುವುದು ಆ ಬಾಗಿಲ ಹಿಂದೆ ಎಂದು ತಿಳಿದದ್ದು ಚಪ್ಪರದ ಕೆಳಗೆ ಬಂದ ಮೇಲೆ.

ಚಪ್ಪರದಡಿ ಮೊದಲು ನಿಂತಿದ್ದು ಎಳೆದುಕೊಂಡು ಹೋಗುವ ಮಾದರಿಯ ಒಂದು ಟ್ರೇಲರ್. ಬಿಸಿನೀರೇ ಬರುತ್ತಿಲ್ಲ ಎಂಬುದು ಯಜಮಾನರ ದೂರು. ಮೆಕ್ಯಾನಿಕ್ ನಡುವಯಸ್ಸಿನ ಹೆಂಗಸು. ಆಕೆ ಗೀಸರಿನ ಬಾಗಿಲು ತೆಗೆಯಲೇ ಇಲ್ಲ. ಮೊದಲು ಕೇಳಿದ್ದು, ಒಳಗಿನ ಗ್ಯಾಸ್ ಒಲೆ ಉರಿಯುತ್ತದೆಯೇ ಎಂದು. ಒಲೆ ಹೊತ್ತಿಸಿ ನೋಡಿದರು. ನೀಲಿ ಜ್ವಾಲೆ ಸಲೀಸಾಗಿ ಬಂತು. ಅಂದರೆ ಸಿಲಿಂಡರಿನಲ್ಲಿ ಪ್ರೊಪೇನ್ ಇದೆ, ರೆಗ್ಯುಲೇಟರ್ ಕೆಲಸ ಮಾಡುತ್ತಿದೆ. ಆಮೇಲೆ ಬ್ಯಾಟರಿಯ ವೋಲ್ಟೇಜ್ ನೋಡಿದರು. ಗ್ಯಾಸಿನಿಂದ ನೀರು ಕಾಯುವುದಾದರೂ ಗ್ಯಾಸಿನ ಕವಾಟ ತೆರೆಯಲು, ಕಿಡಿ ಹಾರಿಸಲು 12 ವೋಲ್ಟಿನ ಬ್ಯಾಟರಿ ಕರೆಂಟೇ ಬೇಕು. ಬ್ಯಾಟರಿ ಸೊರಗಿದ್ದರೆ ಸಿಲಿಂಡರ್ ತುಂಬಿದ್ದೂ ಪ್ರಯೋಜನವಿಲ್ಲ. ಅದೂ ಸರಿಯಿತ್ತು. ಫ್ಯೂಸೂ ಸರಿಯಿತ್ತು.

ಆಗಷ್ಟೇ ಹೊರಗಿನ ಬಾಗಿಲು ತೆರೆದದ್ದು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಇಣುಕಿದೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೆಲ್ಲ ಹೇಗೆ ತುರುಕಿದ್ದಾರೆ ಎನಿಸಿತು. ಮೇಲ್ಗಡೆ ಹೊಗೆ ಹೊರಬರುವ ಪೆಟ್ಟಿಗೆ. ಒಂದು ಬದಿಗೆ ಹಿತ್ತಾಳೆಯ ಒತ್ತಡ ಕವಾಟ, ಅದಕ್ಕೊಂದು ಸಣ್ಣ ಹಿಡಿ. ಕೆಳಗೆ ಗ್ಯಾಸ್ ಕವಾಟ, ಅಲ್ಲಿಂದ ಇಂಗ್ಲಿಷಿನ ಯು ಅಕ್ಷರದಂತೆ ಬಾಗಿ ಒಳಹೋಗುವ ಬರ್ನರ್ ಕೊಳವೆ. ತೀರಾ ಕೆಳಗೆ ನೀರು ಬಸಿಯುವ ಬಿರಡೆ. ಇವೆಲ್ಲದರ ಹಿಂದೆ ಕಾಣದಂತೆ ಕೂತಿರುವುದು ಟ್ಯಾಂಕ್. ಸಾಮಾನ್ಯವಾಗಿ 6 ಗ್ಯಾಲನ್, ದೊಡ್ಡ ವಾಹನಗಳಲ್ಲಿ 10 ಗ್ಯಾಲನ್. ನಮ್ಮ ಲೆಕ್ಕದಲ್ಲಿ ಸುಮಾರು 23 ಲೀಟರ್ ಮತ್ತು 38 ಲೀಟರ್.

ಆಕೆ ಒಳಗಿದ್ದವರಿಗೆ ಸ್ವಿಚ್ ಹಾಕಲು ಕೂಗಿ ಹೇಳಿದರು. ಟಕ್ ಎಂದು ಕವಾಟ ತೆರೆದ ಸದ್ದು, ಹಿಂದೆಯೇ ಟಿಕ್ ಟಿಕ್ ಎಂದು ಕಿಡಿ ಹಾರುವ ಸದ್ದು. ಜ್ವಾಲೆ ಹೊತ್ತಿಕೊಳ್ಳಲಿಲ್ಲ. ಸ್ವಲ್ಪ ತಡೆದು ಮತ್ತೆ ಅದೇ ಸದ್ದು. ಕೊನೆಗೆ ಯಂತ್ರ ತಾನೇ ಸುಮ್ಮನಾಯಿತು. ಒಳಗೆ ಗೋಡೆಯ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು. ಇದು ರಕ್ಷಣೆಯ ವ್ಯವಸ್ಥೆ. ಜ್ವಾಲೆ ಬಂದಿದೆ ಎಂಬ ಸುದ್ದಿ ಕೆಲವೇ ಸೆಕೆಂಡುಗಳಲ್ಲಿ ಮುಟ್ಟದಿದ್ದರೆ ನಿಯಂತ್ರಣ ಫಲಕ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಕೆಲವು ಫಲಕಗಳು ಒಂದೇ ಸಲ ನೋಡುತ್ತವೆ, ಕೆಲವು ಮೂರು ಸಲ. ಉರಿಯದ ಗ್ಯಾಸ್ ಸುರಿಯುತ್ತಲೇ ಇರಬಾರದು, ಅಷ್ಟೇ.

ಬರ್ನರ್ ಕೊಳವೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಕಾರಣ ನನಗೂ ಕಂಡಿತು. ಒಳಗೆ ದಟ್ಟವಾದ ಜೇಡರಬಲೆ. ಪ್ರೊಪೇನಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದು ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಬೆರೆಸುತ್ತಾರೆ, ನಮ್ಮ ಅಡುಗೆ ಗ್ಯಾಸಿಗೂ ಹಾಗೆಯೇ. ಜೇಡ, ಕುಂಬಾರ ಹುಳುಗಳನ್ನು ಸೆಳೆಯುವುದು ಆ ವಾಸನೆಯೇ ಎಂದು ಇಲ್ಲಿನವರು ಹೇಳುತ್ತಾರೆ. ನನಗನಿಸಿದ್ದು, ಗಾಳಿಮಳೆ ತಾಗದ ಕಿರಿದಾದ ತೂತು ಸಿಕ್ಕಿದರೆ ಹುಳುಗಳಿಗೆ ಬೇರೆ ಆಮಿಷ ಬೇಕಾಗಲಿಕ್ಕಿಲ್ಲ. ಏನೇ ಇರಲಿ, ಬಲೆ ಕಟ್ಟಿದರೆ ಗ್ಯಾಸಿನ ಜೊತೆ ಬೆರೆಯಬೇಕಾದ ಗಾಳಿಯ ದಾರಿ ಮುಚ್ಚುತ್ತದೆ. ಜ್ವಾಲೆ ಹೊತ್ತುವುದಿಲ್ಲ, ಹೊತ್ತಿದರೂ ಹಳದಿಯಾಗಿ ಉರಿದು ಮಸಿ ಕಾರುತ್ತದೆ. ಸಾಲಿನಲ್ಲಿ ಕಂಡ ಮಸಿ ಹಿಡಿದ ಕಿಂಡಿಗಳ ಅರ್ಥ ಆಗ ಹೊಳೆಯಿತು. ಉದ್ದನೆಯ ಬ್ರಷ್ಷಿನಿಂದ ಕೊಳವೆ ಉಜ್ಜಿ, ಗಾಳಿ ಊದಿ ಮರಳಿ ಜೋಡಿಸಿದರು. ಈ ಸಲ ಟಿಕ್ ಟಿಕ್ ಎನ್ನುವಷ್ಟರಲ್ಲಿ ಬುಸ್ ಎಂದು ನೀಲಿ ಉರಿ ಎದ್ದಿತು.

ಕೆಲಸ ಮುಗಿಯಿತೆಂದುಕೊಂಡೆ. ಆಕೆ ನಳಿಕೆ ಸಿಕ್ಕಿಸಿ ಗ್ಯಾಸಿನ ಒತ್ತಡ ಅಳೆದೇ ಎದ್ದದ್ದು. ಇಲ್ಲಿ ಅದನ್ನು ನೀರಿನ ಎತ್ತರದಲ್ಲಿ ಹೇಳುತ್ತಾರೆ: 11 ಇಂಚು ನೀರನ್ನು ಎತ್ತಿ ಹಿಡಿಯುವಷ್ಟು ಒತ್ತಡ ಇರಬೇಕು. ನಮ್ಮ ಅಡುಗೆಮನೆಯ ರೆಗ್ಯುಲೇಟರ್ ಕೊಡುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ.

ಉರಿ ನೋಡುತ್ತ ಕೂತಾಗ ಮನಸ್ಸಿಗೆ ಬಂದದ್ದು ಬೆಂಗಳೂರಿನ ಬಚ್ಚಲುಮನೆಗಳು. ಮುಚ್ಚಿದ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಉರಿದು, ಕಾರ್ಬನ್ ಮೊನಾಕ್ಸೈಡ್ ತುಂಬಿ ಜನ ಸತ್ತ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಇಲ್ಲಿ ಜ್ವಾಲೆ ಗಾಳಿ ಎಳೆದುಕೊಳ್ಳುವುದೂ ವಾಹನದ ಹೊರಗಿನಿಂದ, ಹೊಗೆ ಬಿಡುವುದೂ ಹೊರಕ್ಕೆ. ಜನ ಮಲಗುವ ಕಡೆಗೂ ಉರಿಯುವ ಕಡೆಗೂ ನಡುವೆ ತಗಡಿನ ಗೋಡೆ. ಗ್ಯಾಸ್ ಪೈಪು ತೂರಿಬರುವ ತೂತಿಗೂ ರಬ್ಬರ್ ಬಳೆ ಹಾಕಿ ಬಿಗಿಯುತ್ತಾರೆ, ಹೊಗೆ ಅಲ್ಲಿಂದಲೂ ಒಳಹೋಗಬಾರದೆಂದು. ಬಚ್ಚಲಿನೊಳಗೆ ಉರಿ ಇಡಲೇಬಾರದು ಎಂಬ ಈ ಸರಳ ಏರ್ಪಾಡು ನಮ್ಮ ಅಪಾರ್ಟ್‌ಮೆಂಟುಗಳಿಗೂ ಬಂದಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವೋ.

ಮುಂದಿನ ವಾಹನದ್ದು ಬೇರೆ ಕಥೆ. ಗ್ಯಾಸಿನಲ್ಲಿ ನೀರು ಕಾಯುತ್ತದೆ, ಕರೆಂಟಿನಲ್ಲಿ ಕಾಯುತ್ತಿಲ್ಲ. ಈಗಿನ ಬಹುತೇಕ ಗೀಸರುಗಳಿಗೆ ಎರಡೂ ದಾರಿ ಇವೆ: ತಂಗುದಾಣದಲ್ಲಿ ಕಂಬದಿಂದ ಕರೆಂಟ್ ಸಿಕ್ಕರೆ 120 ವೋಲ್ಟಿನ ಹೀಟಿಂಗ್ ಎಲಿಮೆಂಟ್, ಇಲ್ಲದಿದ್ದರೆ ಗ್ಯಾಸ್. ಎಲಿಮೆಂಟಿನ ಬಲ ಸುಮಾರು 1,440 ವಾಟ್. ಗ್ಯಾಸಿನ ಬರ್ನರ್ ಗಂಟೆಗೆ 12,000 ಬಿಟಿಯು, ಎಂದರೆ 3,500 ವಾಟಿನಷ್ಟು. ಹಾಗಾಗಿ ಗ್ಯಾಸಿನಲ್ಲಿ ಅರ್ಧ ಗಂಟೆಯೊಳಗೆ ಕಾಯುವ ನೀರಿಗೆ ಕರೆಂಟಿನಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೇಕು. ಎಲಿಮೆಂಟ್ ಒಂದೇ 12 ಆಂಪಿಯರ್ ಎಳೆಯುತ್ತದೆ. 30 ಆಂಪಿಯರಿನ ಸಂಪರ್ಕದಲ್ಲಿ ಏಸಿ, ಮೈಕ್ರೋವೇವ್, ಗೀಸರ್ ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಗೀಸರ್ ಕೆಟ್ಟಿತೆಂದು ಓಡಿಬರುವವರಲ್ಲಿ ಇಂಥವರೂ ಇದ್ದಾರಂತೆ.

ಇಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಮೊದಲು ಹೊರಗಿನ ಬಾಗಿಲ ಹಿಂದೆ, ಕೆಳಗಿನ ಮೂಲೆಯಲ್ಲಿದ್ದ ಪುಟ್ಟ ಕಪ್ಪು ಸ್ವಿಚ್ಚನ್ನು ಬ್ಯಾಟರಿ ದೀಪ ಹಿಡಿದು ತೋರಿಸಿದ. ಕೆಲವು ಮಾದರಿಗಳಲ್ಲಿ ಒಳಗೊಂದು ಸ್ವಿಚ್, ಹೊರಗೊಂದು ಸ್ವಿಚ್, ಎರಡೂ ಹಾಕಿರಬೇಕು. ಹೊರಗಿನದು ಇದೆ ಎಂಬುದೇ ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ. ಆದರೆ ಇವರದು ಹಾಕಿಯೇ ಇತ್ತು. ಕರೆಂಟ್ ತೆಗೆದು, ತಂತಿ ಬಿಡಿಸಿ, ಮಲ್ಟಿಮೀಟರಿನ ಕಡ್ಡಿಗಳನ್ನು ಎಲಿಮೆಂಟಿಗೆ ಮುಟ್ಟಿಸಿದ. ಚೆನ್ನಾಗಿರುವ ಎಲಿಮೆಂಟ್ 10 ಓಮ್ ಆಸುಪಾಸು ತೋರಿಸಬೇಕು. ಇದರಲ್ಲಿ ಮೀಟರಿನ ಮುಳ್ಳು ಅಲುಗಲೇ ಇಲ್ಲ. ಒಳಗಿನ ತಂತಿ ಸುಟ್ಟು ಕಡಿದಿದೆ.

ಏಕೆ ಸುಟ್ಟಿತು? ಹುಡುಗ ಯಜಮಾನರನ್ನು ಮೆತ್ತಗೆ ವಿಚಾರಿಸಿದ. ಊರು ಬಿಟ್ಟು ಹೊರಟಾಗ ಟ್ಯಾಂಕ್ ಖಾಲಿ ಇತ್ತು. ಇಲ್ಲಿಗೆ ಬಂದು ಕರೆಂಟಿಗೆ ಸಿಕ್ಕಿಸಿದಾಗ ಸ್ವಿಚ್ ಹಾಕಿಯೇ ಇತ್ತು. ನೀರಿನಲ್ಲಿ ಮುಳುಗಿರಬೇಕಾದ ಎಲಿಮೆಂಟ್ ಬರಿಗಾಳಿಯಲ್ಲಿ ಕಾದರೆ ಉಳಿಯುವುದು ನಿಮಿಷಗಳ ಮಟ್ಟಿಗೆ. ಬದಲಿಸುವ ಕೆಲಸವೇನೂ ದೊಡ್ಡದಲ್ಲ. ಆದರೆ ಎಲಿಮೆಂಟ್ ಇರುವುದು ಟ್ಯಾಂಕಿನ ಹಿಂಬದಿಗೆ, ಹಿಂಬದಿ ಇರುವುದು ಮಂಚದ ಕೆಳಗೆ. ಹಾಸಿಗೆ ಎತ್ತಿ, ಪ್ಲೈವುಡ್ ಹಲಗೆ ಬಿಚ್ಚಿ, ಒಳಗೆ ಅರ್ಧ ಮೈ ತೂರಿಸಿ ಆ ಹುಡುಗ ಪಟ್ಟ ಪಾಡು ನೋಡಿದರೆ, ಇವನ್ನು ಕಟ್ಟಿದವರು ರಿಪೇರಿ ಮಾಡುವವರ ಬಗ್ಗೆ ಒಂದು ಗಳಿಗೆಯೂ ಯೋಚಿಸಿಲ್ಲವೆಂದು ನಿಜಕ್ಕೂ ಬೇಸರವಾಗುತ್ತದೆ.

ಆ ಹಲಗೆ ಬಿಚ್ಚಿದ್ದರಿಂದ ನನಗೊಂದು ಲಾಭವಾಯಿತು. ಟ್ಯಾಂಕಿನ ಬೆನ್ನಿಗೆ ಅಂಟಿಕೊಂಡಂತೆ ಮೂರು ಸಣ್ಣ ವಾಲ್ವುಗಳಿದ್ದವು. ಚಳಿಗಾಲದಲ್ಲಿ ವಾಹನವನ್ನು ಹಿಮದೂರಿನಲ್ಲೇ ನಿಲ್ಲಿಸುವುದಾದರೆ ಪೈಪುಗಳಲ್ಲಿ ನೀರು ಹೆಪ್ಪುಗಟ್ಟದಂತೆ ಗುಲಾಬಿ ಬಣ್ಣದ ದ್ರವವೊಂದನ್ನು ತುಂಬಿಸುತ್ತಾರೆ. ಅದು ಕುಡಿಯುವ ನೀರಿನ ಪೈಪಿಗೂ ಹಾನಿಯಿಲ್ಲದ ಪ್ರೊಪಿಲೀನ್ ಗ್ಲೈಕಾಲ್. ಗೀಸರಿನ ಟ್ಯಾಂಕಿಗೂ ಅದನ್ನು ತುಂಬಿ ದಂಡ ಮಾಡಬಾರದೆಂದು ಬೈಪಾಸ್ ಎನ್ನುವ ಈ ವಾಲ್ವುಗಳಿಂದ ಟ್ಯಾಂಕನ್ನು ಬದಿಗಿಟ್ಟು ತಣ್ಣೀರಿನ ಪೈಪಿಗೂ ಬಿಸಿನೀರಿನ ಪೈಪಿಗೂ ನೇರ ಸಂಪರ್ಕ ಕೊಡುತ್ತಾರೆ. ವಸಂತದಲ್ಲಿ ಇವನ್ನು ಹಿಂದಕ್ಕೆ ತಿರುಗಿಸಲು ಮರೆತರೆ ಬಿಸಿನೀರು ಬರುವುದೇ ಇಲ್ಲ. ನಡುವಿನದು ಅರ್ಧ ತೆರೆದುಕೊಂಡಿದ್ದರೆ ಉಗುರುಬೆಚ್ಚಗಿನ ನೀರು. ಗೀಸರ್ ಮಾತ್ರ ಒಳಗೆ ಕುದಿಯುವಷ್ಟು ಬಿಸಿಯಾಗಿ ಕೂತಿರುತ್ತದೆ. ಯಾವ ಭಾಗವೂ ಕೆಡದ ಈ ದೂರಿಗಾಗಿ ಹೊಸ ಗೀಸರನ್ನೇ ಕೊಂಡವರಿದ್ದಾರೆ ಎಂದು ಹುಡುಗ ಹೇಳಿದ. ಅದನ್ನು ನಂಬುವುದು ನನಗೆ ಕಷ್ಟವೇನೂ ಆಗಲಿಲ್ಲ. ಮಂಚದ ಕೆಳಗಿನ ಕತ್ತಲಲ್ಲಿ ಮೂರು ವಾಲ್ವ್ ಇವೆ ಎಂದು ಯಾರಾದರೂ ಹೇಳದೆ ಹೇಗೆ ತಿಳಿಯಬೇಕು?

ಚಪ್ಪರದ ಮಧ್ಯದ ಕಂಬಕ್ಕೆ ತಾಗಿ ಒಂದು ಮರದ ಬೆಂಚು. ಅದರ ಮೇಲೆ ಕೈಬೆರಳಿನ ದಪ್ಪದ ಲೋಹದ ಕಡ್ಡಿಗಳನ್ನು ಒಟ್ಟಿದ್ದರು. ಕೆಲವು ನುಣ್ಣಗೆ ಹೊಳೆಯುತ್ತಿದ್ದವು. ಕೆಲವು ಗೆದ್ದಲು ತಿಂದ ಕಟ್ಟಿಗೆಯಂತೆ ಕೊರೆದುಹೋಗಿದ್ದವು, ಒಂದೆರಡರಲ್ಲಿ ನಡುವಿನ ಉಕ್ಕಿನ ತಂತಿ ಮಾತ್ರ ಉಳಿದಿತ್ತು. ಇವೇ ಆನೋಡ್ ಕಡ್ಡಿಗಳು. ನಮ್ಮ ಮನೆಗಳ ಗೀಸರಿನಲ್ಲೂ ಇರುತ್ತವೆ, ಸರ್ವಿಸ್ ಮಾಡುವವರು ಬದಲಿಸಬೇಕು ಎಂದಾಗ ನಾವು ಅನುಮಾನದಿಂದ ನೋಡುತ್ತೇವೆ.

ಅನುಮಾನ ಬೇಡ ಎಂದು ಆ ಬೆಂಚು ನೋಡಿದ ಮೇಲೆ ಹೇಳಬಲ್ಲೆ. ಗೀಸರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರ ಟ್ಯಾಂಕ್ ಉಕ್ಕಿನದು, ಒಳಗೆ ಪಿಂಗಾಣಿ ಲೇಪ. ಇನ್ನೊಂದು ಅಲ್ಯೂಮಿನಿಯಂ ಟ್ಯಾಂಕ್. ಪಿಂಗಾಣಿ ಲೇಪದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ನೀರು ಉಕ್ಕನ್ನು ತಿನ್ನತೊಡಗುತ್ತದೆ. ಹಾಗಾಗದಂತೆ, ಉಕ್ಕಿಗಿಂತ ಬೇಗ ಕರಗುವ ಮೆಗ್ನೀಸಿಯಮ್ ಅಥವಾ ಅಲ್ಯೂಮಿನಿಯಂ ಕಡ್ಡಿಯನ್ನು ಬಿರಡೆಗೇ ಜೋಡಿಸಿ ನೀರಿನಲ್ಲಿ ಮುಳುಗಿಸಿಡುತ್ತಾರೆ. ಕಡ್ಡಿ ಕರಗುವಷ್ಟು ಕಾಲ ಟ್ಯಾಂಕಿಗೆ ಅಪಾಯವಿಲ್ಲ. ಮುಕ್ಕಾಲು ಭಾಗ ಸವೆದಿದ್ದರೆ ಬದಲಿಸಬೇಕು. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಬೇಕು. ಅಲ್ಯೂಮಿನಿಯಂ ಟ್ಯಾಂಕಿಗೆ ಈ ಕಡ್ಡಿ ಇಲ್ಲ, ಬರೀ ಪ್ಲಾಸ್ಟಿಕ್ ಬಿರಡೆ. ಅಂಗಡಿಗೆ ಬಂದು ಎರಡನ್ನೂ ಅದಲುಬದಲು ಕೇಳುವವರಿದ್ದಾರೆ ಎಂದು ಗೋಡೆಗೆ ದೊಡ್ಡ ಚಿತ್ರವನ್ನೇ ಅಂಟಿಸಿದ್ದರು.

ಬೆಂಚಿನ ಪಕ್ಕದಲ್ಲೇ ಒಂದು ಟ್ಯಾಂಕ್ ತೊಳೆಯುತ್ತಿದ್ದರು. ಬಿರಡೆ ಬಿಚ್ಚುವ ಮೊದಲು ನಡೆದ ಸಿದ್ಧತೆ ನೋಡುವಂತಿತ್ತು: ಗ್ಯಾಸ್, ಕರೆಂಟ್ ಎರಡೂ ಬಂದ್, ನೀರು ತಣಿಯುವವರೆಗೆ ಕಾಯುವುದು, ಪಂಪ್ ನಿಲ್ಲಿಸುವುದು, ಒಳಗಿನ ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸುವುದು. ಇದನ್ನು ಬಿಟ್ಟು ನೇರ ಬಿರಡೆಗೆ ಪಾನಾ ಹಾಕಿದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಬಿರಡೆ ಕಳಚಿದಾಗ ಮೊದಲು ಬಿಳಿ ನೀರು, ಆಮೇಲೆ ಸುಣ್ಣದ ಚಕ್ಕೆಗಳು ಬಂದವು. ತೆಳ್ಳಗಿನ ನಳಿಕೆಯನ್ನು ಒಳಗೆ ತೂರಿಸಿ ನೀರು ಚಿಮ್ಮಿಸಿದಷ್ಟೂ ಚಕ್ಕೆಗಳು ಉದುರುತ್ತಲೇ ಇದ್ದವು. ಈ ಕಡೆಯ ನೀರು ಬಹಳ ಗಡಸು. ಬೋರ್‌ವೆಲ್ ನೀರು ಕಾಯಿಸುವ ಬೆಂಗಳೂರಿನವರಿಗೆ ಈ ಚಕ್ಕೆ ಹೊಸದಲ್ಲ. ತಳದಲ್ಲಿ ಸುಣ್ಣ ಕೂತಷ್ಟೂ ಉರಿಯ ಶಾಖ ನೀರಿಗೆ ಮುಟ್ಟುವುದು ತಡ.

ತೊಳೆಸುತ್ತಿದ್ದ ಹಿರಿಯರೊಬ್ಬರ ಮುಖ್ಯ ದೂರು ಬಿಸಿನೀರಿಗೆ ಕೊಳೆತ ಮೊಟ್ಟೆಯ ನಾತ ಎಂದಿತ್ತು. ಟ್ಯಾಂಕಿನಲ್ಲಿ ನೀರು ಬಹಳ ದಿನ ನಿಂತರೆ ಕೆಲವು ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಮೆಗ್ನೀಸಿಯಮ್ ಕಡ್ಡಿ ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಔಷಧಿ ಎಂದರೆ ಬ್ಲೀಚ್ ಬೆರೆಸಿದ ನೀರು ತುಂಬಿಸಿ, ಕೆಲವು ಗಂಟೆ ಬಿಟ್ಟು, ಚೆನ್ನಾಗಿ ತೊಳೆಯುವುದು. ಕಡ್ಡಿ ತೆಗೆದುಹಾಕಿದರೂ ನಾತ ಹೋಗುತ್ತದೆ, ಹಿಂದೆಯೇ ಟ್ಯಾಂಕೂ ಹೋಗುತ್ತದೆ.

ಅವರದೇ ಇನ್ನೊಂದು ಪ್ರಶ್ನೆ: ಹಿತ್ತಾಳೆಯ ಒತ್ತಡ ಕವಾಟದಿಂದ ಹನಿ ತೊಟ್ಟಿಕ್ಕುತ್ತದಲ್ಲ, ಬದಲಿಸಬೇಕೇ? ಈ ಕವಾಟ 150 ಪಿಎಸ್ಐ ಒತ್ತಡಕ್ಕೋ 99 ಡಿಗ್ರಿ ಸೆಲ್ಸಿಯಸ್ ಶಾಖಕ್ಕೋ ತಾನೇ ತೆರೆದುಕೊಂಡು ಟ್ಯಾಂಕ್ ಸಿಡಿಯದಂತೆ ನೋಡಿಕೊಳ್ಳುತ್ತದೆ. ಕಾದ ನೀರು ಹಿಗ್ಗಲು ಟ್ಯಾಂಕಿನ ಮೇಲ್ಭಾಗದಲ್ಲಿ ಒಂದಿಷ್ಟು ಗಾಳಿ ಇರಬೇಕು. ದಿನಕಳೆದಂತೆ ಆ ಗಾಳಿ ನೀರಿನಲ್ಲಿ ಕರಗಿ ಹೋಗುತ್ತದೆ. ಆಗ ಹಿಗ್ಗಿದ ನೀರಿಗೆ ಕವಾಟವೇ ದಾರಿ. ನೀರು ತಣಿದ ಮೇಲೆ ಪಂಪ್ ನಿಲ್ಲಿಸಿ, ನಲ್ಲಿ ತೆರೆದಿಟ್ಟು ಕವಾಟದ ಹಿಡಿ ಎತ್ತಿ, ಹರಿವು ನಿಲ್ಲುವವರೆಗೆ ಬಿಟ್ಟರೆ ಗಾಳಿಯ ಜಾಗ ಮತ್ತೆ ಉಂಟಾಗುತ್ತದೆ. ಆಮೇಲೂ ಸೋರಿದರೆ ಕವಾಟ ಬದಲಿಸಬಹುದು. ಹನಿ ನಿಲ್ಲಿಸಲೆಂದು ಅದರ ಬಾಯಿಗೆ ಬಿರಡೆ ಹೊಡೆಯುವುದನ್ನು ಮಾತ್ರ ಎಂದೂ ಮಾಡಕೂಡದು.

ಕೊನೆಯ ಜಾಗದಲ್ಲಿ ನಿಜವಾಗಿಯೂ ಸತ್ತ ಗೀಸರ್ ಇತ್ತು. ಟ್ಯಾಂಕ್ ಸೀಳಿತ್ತು. ನೀರು ಬಸಿಯದೆ ಹಿಮದಲ್ಲಿ ಬಿಟ್ಟಿದ್ದರು. ಹೆಪ್ಪುಗಟ್ಟಿದ ನೀರು ಶೇ. 9ರಷ್ಟು ಹಿಗ್ಗಿ ಲೋಹವನ್ನೇ ಒಡೆದಿದೆ. ಟ್ಯಾಂಕ್ ಒಡೆದರೆ ಮಾತ್ರ ಬೇರೆ ದಾರಿಯಿಲ್ಲ, ಪೂರ್ತಿ ಬದಲಿಸಬೇಕು.

ಹಳೆಯದನ್ನು ಹೊರಗೆಳೆಯುವುದನ್ನು ಪೂರ್ತಿ ನಿಂತು ನೋಡಿದೆ. ಮೊದಲು ಸಿಲಿಂಡರಿನ ಬಳಿಯೇ ಗ್ಯಾಸ್ ಬಂದ್ ಮಾಡಿ, ಒಲೆ ಹೊತ್ತಿಸಿ ಪೈಪಿನಲ್ಲಿ ಉಳಿದ ಗ್ಯಾಸನ್ನು ಉರಿಸಿ ಮುಗಿಸಿದರು. ಹೊರಗಿನಿಂದ ಗ್ಯಾಸ್ ಪೈಪ್, ಒಳಗಿನಿಂದ ನೀರಿನ ಪೈಪ್ ಮತ್ತು ತಂತಿಗಳು ಬಿಡಿಸಿಕೊಂಡವು. ತಂತಿಗಳನ್ನು ಬಿಡಿಸುವ ಮೊದಲು ಮೊಬೈಲಿನಲ್ಲಿ ಫೋಟೊ ಹಿಡಿದದ್ದು ಒಳ್ಳೆಯ ಅಭ್ಯಾಸವೆನಿಸಿತು. ಚೌಕಟ್ಟಿನ ಸುತ್ತ ಸ್ಕ್ರೂ ಬಿಚ್ಚಿ, ಗಟ್ಟಿಯಾಗಿದ್ದ ಅಂಟನ್ನು ಕೆರೆದು, ಇಬ್ಬರು ಹಿಡಿದು ಎಳೆದಾಗ ಗೀಸರ್ ಈಚೆ ಬಂತು. ಪಕ್ಕೆಯಲ್ಲಿ ಚೌಕದ ತೂತು ಉಳಿಯಿತು. ಅಂಚಿನ ಮರ ಒಂದು ಕಡೆ ಮೆತ್ತಗಾಗಿತ್ತು, ಬಹುಶಃ ಹಳೆಯ ಸೋರಿಕೆಯಿಂದ. ಅದನ್ನು ಕತ್ತರಿಸಿ ಹೊಸ ಪಟ್ಟಿ ಹಾಕುವವರೆಗೆ ಹೊಸ ಗೀಸರನ್ನು ಮುಟ್ಟಲಿಲ್ಲ.

ಹೊಸದಕ್ಕೆ ಚೌಕಟ್ಟಿನ ಹಿಂದೆ ಬ್ಯೂಟೈಲ್ ಅಂಟುಪಟ್ಟಿ ಸುತ್ತಿ ಒಳಗೆ ತಳ್ಳಿದರು. ತಿರುಪಿನ ಗ್ಯಾಸ್ ಜೋಡಣೆಗಳಿಗೆ ಗ್ಯಾಸಿಗೆಂದೇ ಮಾಡಿದ ಅಂಟು; ಅಗಲ ಬಾಯಿಯ ತಾಮ್ರದ ಫ್ಲೇರ್ ಜೋಡಣೆಗೆ ಏನೂ ಹಚ್ಚಲಿಲ್ಲ, ಅಲ್ಲಿ ಲೋಹ ಲೋಹಕ್ಕೇ ಒತ್ತಿ ಕೂರಬೇಕು. ಬಿಗಿದ ಮೇಲೆ ಗ್ಯಾಸ್ ತೆರೆದು ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದರು. ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು. ಬಿಚ್ಚಿ ಮತ್ತೆ ಬಿಗಿದು ಮತ್ತೆ ಹಚ್ಚಿದರು.

ಟ್ಯಾಂಕೇ ಇಲ್ಲದ, ನೀರು ಹರಿಯುವಾಗಲೇ ಕಾಯಿಸುವ ಗೀಸರ್ ಹಾಕಬಾರದೇಕೆ ಎಂದು ನಾನು ಕೇಳಿದೆ. ಹಾಕಬಹುದು, ಎಷ್ಟೋ ಜನ ಹಾಕಿಸುತ್ತಾರೆ. ಆದರೆ ಹರಿವ ನೀರನ್ನು ಕ್ಷಣದಲ್ಲಿ ಕಾಯಿಸಲು ಗಂಟೆಗೆ 60,000 ಬಿಟಿಯುನಷ್ಟು ಉರಿ ಬೇಕು, ಟ್ಯಾಂಕಿನದಕ್ಕಿಂತ ಐದು ಪಟ್ಟು. ಹರಿವು ತೀರಾ ಸಣ್ಣದಾದರೆ ಅದು ಹೊತ್ತುವುದೇ ಇಲ್ಲ. ಮರುಭೂಮಿಯಲ್ಲಿ ನಲ್ಲಿ ಸಂಪರ್ಕವಿಲ್ಲದೆ ತಂಗುವವರು ಮೈ ತೋಯಿಸಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನೀರು ಬಿಡುತ್ತಾರೆ. ಪ್ರತಿ ಸಲ ನಿಲ್ಲಿಸಿ ಬಿಟ್ಟಾಗ ನಡುವೆ ತಣ್ಣೀರಿನ ಅಲೆಯೊಂದು ಬರುತ್ತದೆ, ಬಿಸಿಗೆ ಕಾಯುತ್ತ ನೀರು ಪೋಲಾಗುತ್ತದೆ. ನೀರನ್ನು ಎಣಿಸಿ ಬಳಸುವವರಿಗೆ ಟ್ಯಾಂಕೇ ಮೇಲು ಎಂದು ಎಲ್ಲ ನೋಡಿದ ಮೇಲೆ ನನಗೂ ಅನಿಸಿತು.

ಉಳಿದದ್ದು ಪರೀಕ್ಷೆ. ಬೈಪಾಸ್ ವಾಲ್ವುಗಳನ್ನು ತಿರುಗಿಸಿ, ಪಂಪ್ ಹಾಕಿ, ಬಿಸಿನೀರಿನ ನಲ್ಲಿಯನ್ನು ತೆರೆದಿಟ್ಟರು. ಮೊದಲು ಗಾಳಿ ಕೆಮ್ಮಿತು, ಆಮೇಲೆ ಉಗುಳಿ ಉಗುಳಿ ನೀರು ಬಂತು, ಕೊನೆಗೆ ತಡೆಯಿಲ್ಲದ ಧಾರೆ. ಟ್ಯಾಂಕ್ ತುಂಬಿದೆ ಎಂಬುದಕ್ಕೆ ಅದೇ ಗುರುತು. ಅಲ್ಲಿಯವರೆಗೆ ಯಾರೂ ಸ್ವಿಚ್ ಮುಟ್ಟಲಿಲ್ಲ. ಗ್ಯಾಸಿನಲ್ಲಿ ಕಾಯಿಸಿ, ಥರ್ಮಾಮೀಟರ್ ಹಿಡಿದು, 54 ಡಿಗ್ರಿಯಲ್ಲಿ ಉರಿ ತಾನೇ ಆರುವುದನ್ನು ಕಂಡ ಮೇಲೆ ಕರೆಂಟಿನಲ್ಲೂ ನೋಡಿದರು. ಮಂಚದ ಹಲಗೆ ಮುಚ್ಚುವ ಮೊದಲು ಆ ಹುಡುಗ ಮೂರೂ ವಾಲ್ವುಗಳಿಗೆ ಚೀಟಿ ಕಟ್ಟಿದ: ಬೇಸಿಗೆಯಲ್ಲಿ ಹಿಡಿ ಯಾವ ಕಡೆಗಿರಬೇಕು, ಚಳಿಗಾಲದಲ್ಲಿ ಯಾವ ಕಡೆಗೆ ಎಂದು ಬರೆದು. ಬಿಲ್ಲಿನಲ್ಲಿ ಅದಕ್ಕೆ ಏನನ್ನೂ ಹಾಕಿರಲಿಲ್ಲ.